ವೀರ್ಯ ಫ್ರೀಜ್ ಮಾಡಿಸುವುದು: ತಣ್ಣಗೆ ಮಾಡುವ ವಿಧಾನದಿಂದ ವೀರ್ಯಾಣುವಿಗೆ ಏನಾಗುತ್ತದೆ?

ಕ್ಯಾನ್ಸರ್ ಎಂದು ಗೊತ್ತಾದ ವಾರದಲ್ಲೇ ಡಾಕ್ಟರು ಇನ್ನೊಂದು ಮಾತು ಹೇಳುತ್ತಾರೆ. ಕೀಮೋ ಶುರುವಾಗುವ ಮುಂಚೆ ವೀರ್ಯ ಫ್ರೀಜ್ ಮಾಡಿಸಿಡಿ ಎಂದು. ತಲೆತುಂಬ ಬೇರೆ ಚಿಂತೆ ಇರುವಾಗ ಬರುವ ಮಾತು ಇದು, ಕೂತು ಯೋಚಿಸಲು ಸಮಯವೂ ಇರುವುದಿಲ್ಲ. ಕೀಮೋ ಮತ್ತು ರೇಡಿಯೇಶನ್ ಎರಡೂ ವೃಷಣದಲ್ಲಿ ವೀರ್ಯಾಣು ಹುಟ್ಟಿಸುವ ಮೂಲ ಜೀವಕೋಶಗಳನ್ನೇ ನಾಶ ಮಾಡಬಹುದು, ಅದಕ್ಕೇ ಈ ಆತುರ. ಕ್ಯಾನ್ಸರ್ ಇಲ್ಲದವರಿಗೂ ಈ ಸಂದರ್ಭ ಬರುತ್ತದೆ. ವಾಸೆಕ್ಟಮಿ (ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆ) ಮಾಡಿಸಿಕೊಳ್ಳುವವರು, ಐವಿಎಫ್ (ಲ್ಯಾಬಿನಲ್ಲಿ ಅಂಡಾಣು ಮತ್ತು ವೀರ್ಯಾಣುವನ್ನು ಸೇರಿಸುವ ಚಿಕಿತ್ಸೆ) ದಿನ ಗಂಡ ಊರಲ್ಲಿರುವುದಿಲ್ಲ ಎನ್ನುವ ದಂಪತಿ, ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆ ಇದ್ದು ಅದೂ ಇಳಿಯುತ್ತಾ ಹೋಗುತ್ತಿರುವವರು, ಎಲ್ಲರೂ ಒಂದಲ್ಲ ಒಂದು ದಿನ ಈ ಲ್ಯಾಬ್ ಬಾಗಿಲಿಗೆ ಬರುತ್ತಾರೆ.

ಬಂದವರೆಲ್ಲರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಅಷ್ಟು ವರ್ಷ ಇಟ್ಟರೆ ಕೆಟ್ಟುಹೋಗುವುದಿಲ್ವಾ?

ವರ್ಷಗಳಿಂದ ಏನೂ ಕೆಡುವುದಿಲ್ಲ ಎಂದೇ ಹೇಳಬಹುದು. ಕೆಡುವುದೆಲ್ಲ ಎರಡು ಚಿಕ್ಕ ಅವಧಿಗಳಲ್ಲಿ: ತಣ್ಣಗೆ ಮಾಡುವಾಗಿನ ಕೆಲವು ನಿಮಿಷ, ಮತ್ತೆ ಕರಗಿಸುವಾಗಿನ ಕೆಲವು ನಿಮಿಷ. ಹಾಗಾಗಿ ಯಾವ ವಿಧಾನದಲ್ಲಿ ಫ್ರೀಜ್ ಮಾಡುತ್ತಾರೆ ಎನ್ನುವುದು ಲ್ಯಾಬಿನವರ ತಲೆನೋವು ಎಂದು ಬಿಟ್ಟುಬಿಡುವ ವಿಷಯವಲ್ಲ.

ವೀರ್ಯಾಣುವಿನಲ್ಲಿ ಏನೇನಿದೆ

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಹೊರಬರುವ ದ್ರವ ವೀರ್ಯ. ಅದರಲ್ಲಿ ಈಜುವ ಜೀವಕೋಶ ವೀರ್ಯಾಣು. ಫ್ರೀಜ್ ಮಾಡುವುದು ಈ ವೀರ್ಯಾಣುವನ್ನು ಉಳಿಸಿಕೊಳ್ಳಲು.

ವೀರ್ಯಾಣುವಿನ ತಲೆ ಸುಮಾರು 5 ಮೈಕ್ರೋಮೀಟರ್ ಉದ್ದ, ಅಂದರೆ ಒಂದು ಮಿಲಿಮೀಟರಿನ 200ನೇ ಒಂದು ಭಾಗ. ಅದರೊಳಗೆ ಡಿಎನ್‌ಎಯನ್ನು ಪ್ರೋಟೀನುಗಳು ಬಿಗಿಯಾಗಿ ಸುತ್ತಿ ಅದುಮಿಟ್ಟಿರುತ್ತವೆ. ತಲೆಯ ಮುಂಭಾಗದಲ್ಲಿ ಒಂದು ಟೋಪಿಯಂಥ ಚೀಲ, ಅಂಡಾಣುವಿನ ಹೊರಪದರ ದಾಟಲು ಬೇಕಾದ ಕಿಣ್ವಗಳು ಅದರಲ್ಲಿವೆ. ಕತ್ತಿನ ಕೆಳಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ. ಅಲ್ಲಿಂದ ಮುಂದೆ ಬರೀ ಬಾಲ, ತಲೆಯ ಹತ್ತು ಪಟ್ಟು ಉದ್ದ. ಇದೆಲ್ಲವನ್ನೂ ಕೊಬ್ಬಿನ ಅಣುಗಳಿಂದಾದ ಒಂದು ತೆಳು ಪೊರೆ ಸುತ್ತಿಕೊಂಡಿರುತ್ತದೆ.

ಇದರಲ್ಲಿ ಗಮನಿಸಬೇಕಾದ್ದು ಎರಡು ಸಂಗತಿ. ವೀರ್ಯಾಣುವಿನೊಳಗೆ ನೀರು ತುಂಬಾ ಕಡಿಮೆ. ಹೆಣ್ಣಿನ ಅಂಡಾಣು ಸುಮಾರು 100 ಮೈಕ್ರೋಮೀಟರ್ ಅಗಲದ, ನೀರು ತುಂಬಿದ ದೊಡ್ಡ ಜೀವಕೋಶ, ಅದನ್ನು ಫ್ರೀಜ್ ಮಾಡುವುದು ಬಹಳ ಕಾಲ ಕಷ್ಟವಾಗಿತ್ತು. ವೀರ್ಯಾಣು ಈ ವಿಷಯದಲ್ಲಿ ಗಟ್ಟಿ. ಆದರೆ ಅದರ ಪೊರೆಯಲ್ಲಿ ಬೇಗ ಆಕ್ಸಿಡೀಕರಣಗೊಳ್ಳುವ, ಅಂದರೆ ಆಮ್ಲಜನಕದ ಜೊತೆ ಸೇರಿ ಕೆಡುವ, ಜಾತಿಯ ಕೊಬ್ಬು ಜಾಸ್ತಿ, ಮತ್ತು ಕೆಟ್ಟದ್ದನ್ನು ದುರಸ್ತಿ ಮಾಡಿಕೊಳ್ಳುವ ಸಾಮಗ್ರಿ ಅದರ ಬಳಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಮ್ಮೆ ಪೆಟ್ಟು ಬಿದ್ದರೆ ಬಿತ್ತು.

ಹೆಪ್ಪುಗಟ್ಟುವಾಗ ನಿಜವಾಗಿ ಆಗುವುದೇನು

ಬಾಯಿತನಕ ನೀರು ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿ ಮರೆತುಬಿಟ್ಟರೆ ಒಡೆದುಹೋಗುತ್ತದೆ, ನೀರು ಮಂಜುಗಡ್ಡೆಯಾಗುವಾಗ ಹಿಗ್ಗುತ್ತದಲ್ಲ. ವೀರ್ಯಾಣುವೂ ಹೀಗೇ ಒಡೆಯುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಸ್ವಲ್ಪ ಮಟ್ಟಿಗೆ ನಿಜ, ಆದರೆ ಕಥೆಯ ದೊಡ್ಡ ಭಾಗ ಅದಲ್ಲ.

ತಾಪಮಾನ ಇಳಿಯುತ್ತಾ ಹೋದಾಗ ಮಂಜುಗಡ್ಡೆ ಮೊದಲು ಶುರುವಾಗುವುದು ವೀರ್ಯಾಣುವಿನ ಹೊರಗೆ, ಸುತ್ತಲಿನ ದ್ರವದಲ್ಲಿ. ಮಂಜಿನ ಹರಳು ಬೆಳೆಯುವಾಗ ಬರೀ ನೀರನ್ನು ಮಾತ್ರ ಸೇರಿಸಿಕೊಳ್ಳುತ್ತದೆ, ಉಪ್ಪನ್ನು ಹೊರಗೆ ತಳ್ಳುತ್ತದೆ. ಹೀಗೆ ತಳ್ಳಿದ ಉಪ್ಪೆಲ್ಲ ಇನ್ನೂ ಗಟ್ಟಿಯಾಗದೆ ಉಳಿದ ಸ್ವಲ್ಪ ದ್ರವದಲ್ಲಿ ಸೇರಿಕೊಳ್ಳುತ್ತದೆ, ವೀರ್ಯಾಣುಗಳು ಇರುವುದೂ ಅಲ್ಲೇ, ಆ ಮಂಜಿನ ಗೋಡೆಗಳ ನಡುವಿನ ಸಣ್ಣ ಸಣ್ಣ ಓಣಿಗಳಲ್ಲಿ. ಸುತ್ತ ಉಪ್ಪು ಏರುತ್ತಿದ್ದಂತೆ ವೀರ್ಯಾಣುವಿನ ಒಳಗಿನ ನೀರು ಪೊರೆ ದಾಟಿ ಹೊರಗೆ ಬರುತ್ತದೆ. ಜೀವಕೋಶ ಸೊರಗುತ್ತದೆ, ಸುಕ್ಕುಗಟ್ಟುತ್ತದೆ.

ಇಲ್ಲಿ ವೇಗದ ಪ್ರಶ್ನೆ ಬರುತ್ತದೆ.

ತೀರಾ ನಿಧಾನವಾಗಿ ತಣ್ಣಗೆ ಮಾಡಿದರೆ ವೀರ್ಯಾಣು ಆ ಗಾಢ ಉಪ್ಪುನೀರಿನಲ್ಲಿ ತುಂಬಾ ಹೊತ್ತು ಕಳೆಯುತ್ತದೆ. ನೀರೆಲ್ಲ ಕಳೆದುಕೊಂಡು ಪೊರೆ ಕುಗ್ಗಿ ಹಾಳಾಗುತ್ತದೆ. ತೀರಾ ವೇಗವಾಗಿ ಮಾಡಿದರೆ ನೀರಿಗೆ ಹೊರಗೆ ಬರಲು ಪುರುಸೊತ್ತೇ ಸಿಗುವುದಿಲ್ಲ, ಒಳಗೇ ಹರಳುಗಟ್ಟಿ ಪೊರೆಯನ್ನೂ ಮೈಟೊಕಾಂಡ್ರಿಯಾವನ್ನೂ ಚುಚ್ಚುತ್ತದೆ. ಈ ಎರಡೂ ಬೇರೆ ಬೇರೆ ಬಗೆಯ ಪೆಟ್ಟುಗಳು, ಒಂದನ್ನು ತಪ್ಪಿಸಲು ಹೋದರೆ ಇನ್ನೊಂದು ಹತ್ತಿರ ಬರುತ್ತದೆ ಎಂದು ಅಮೆರಿಕದ ವಿಜ್ಞಾನಿ ಪೀಟರ್ ಮೇಜರ್ (Mazur) 1970ರ ದಶಕದ ಆರಂಭದಲ್ಲಿ ವಿವರಿಸಿದರು. ಇವತ್ತು ಬಳಕೆಯಲ್ಲಿರುವ ಎಲ್ಲ ವಿಧಾನಗಳೂ ಈ ಎರಡರ ನಡುವೆ ದಾರಿ ಹುಡುಕುವ ಪ್ರಯತ್ನಗಳೇ.

ಮಂಜುಗಡ್ಡೆ ಶುರುವಾಗುವ ಮುಂಚೆಯೂ ಒಂದು ಅಪಾಯ ಇದೆ. ಕೋಣೆಯ ತಾಪಮಾನದಿಂದ 5 ಡಿಗ್ರಿವರೆಗೆ ಇಳಿಯುವಾಗ ಪೊರೆಯ ಕೊಬ್ಬು ಮೆದು ಸ್ಥಿತಿಯಿಂದ ಬಿರುಸಾಗುತ್ತದೆ. ಸರ್ರನೆ ಇಳಿಸಿದರೆ ಪೊರೆಯಲ್ಲಿ ಸೋರಿಕೆ ಶುರುವಾಗುತ್ತದೆ. ಹಂದಿಯ ವೀರ್ಯಾಣು ಇದಕ್ಕೇ ಸೋತುಬಿಡುತ್ತದೆ, ಮನುಷ್ಯನದು ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ.

ಗ್ಲಿಸರಾಲ್ ಎಂಬ ಕಾವಲು

1949ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರೀ ಸ್ಮಿತ್ ಮತ್ತು ಅಲನ್ ಪಾರ್ಕ್ಸ್ ಹುಂಜದ ವೀರ್ಯದ ಮೇಲೆ ಕೆಲಸ ಮಾಡುತ್ತಿದ್ದರು. ಸಕ್ಕರೆ ದ್ರಾವಣ ಎಂದುಕೊಂಡು ಬಳಸಿದ ಬಾಟಲಿಯಲ್ಲಿ ಇದ್ದದ್ದು ಗ್ಲಿಸರಾಲ್. ಕರಗಿಸಿದ ಮೇಲೆ ವೀರ್ಯಾಣುಗಳು ಮತ್ತೆ ಈಜಿದವು! ನಾಲ್ಕು ವರ್ಷದ ನಂತರ, 1953ರಲ್ಲಿ, ಅಮೆರಿಕದ ಅಯೋವಾದಲ್ಲಿ ಬಂಜ್ ಮತ್ತು ಶರ್ಮನ್ ಗ್ಲಿಸರಾಲ್ ಸೇರಿಸಿ ಡ್ರೈ ಐಸ್‌ನಲ್ಲಿ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಇಟ್ಟ ಮನುಷ್ಯ ವೀರ್ಯದಿಂದ ಗರ್ಭ ನಿಂತ ಸುದ್ದಿಯನ್ನು ಪ್ರಕಟಿಸಿದರು.

ಗ್ಲಿಸರಾಲ್ ಮಾಡುವ ಕೆಲಸ ಇಷ್ಟು. ಅದು ನೀರಿನ ಅಣುಗಳನ್ನು ಹಿಡಿದಿಟ್ಟುಕೊಂಡು ಮಂಜಿನ ಹರಳಾಗಲು ಬಿಡುವುದಿಲ್ಲ, ಹಾಗಾಗಿ ಯಾವುದೇ ತಾಪಮಾನದಲ್ಲಿ ಹರಳು ಕಡಿಮೆ ಇರುತ್ತದೆ, ಸುತ್ತಲಿನ ಉಪ್ಪುನೀರೂ ಅಷ್ಟೊಂದು ಗಾಢವಾಗುವುದಿಲ್ಲ. ಜೀವಕೋಶದ ಒಳಗೂ ಸೇರಿಕೊಂಡು ಅಲ್ಲೂ ಇದೇ ಕೆಲಸ ಮಾಡುತ್ತದೆ. ಇಂಥ ರಕ್ಷಕ ವಸ್ತುಗಳಿಗೆ ಕ್ರಯೋಪ್ರೊಟೆಕ್ಟೆಂಟ್ ಎನ್ನುತ್ತಾರೆ. ಲ್ಯಾಬಿನಲ್ಲಿ ಬಳಸುವ ಮಿಶ್ರಣದಲ್ಲಿ ಗ್ಲಿಸರಾಲ್ ಜೊತೆ ಸಕ್ಕರೆ, ಪ್ರೋಟೀನು, ಎಷ್ಟೋ ಕಡೆ ಪೊರೆಗೆ ಆಸರೆಯಾಗುವ ಮೊಟ್ಟೆಯ ಹಳದಿ ಭಾಗವೂ ಇರುತ್ತದೆ.

ಆದರೆ ಗ್ಲಿಸರಾಲ್ ಕೂಡ ಸುಮ್ನೆ ಸುರಿದುಬಿಡುವ ವಸ್ತುವಲ್ಲ, ಜಾಸ್ತಿಯಾದರೆ ಅದೇ ವಿಷ. ಒಮ್ಮೆಗೇ ಹಾಕಿದರೆ ವೀರ್ಯಾಣುವಿನಿಂದ ನೀರು ದಡಬಡನೆ ಹೊರಗೆ ಬಂದು ಅದು ಕುಗ್ಗುತ್ತದೆ, ಆಮೇಲೆ ಗ್ಲಿಸರಾಲ್ ಒಳಹೋದಂತೆ ಮತ್ತೆ ಉಬ್ಬುತ್ತದೆ. ಈ ಏರಿಳಿತದಲ್ಲೇ ಬಾಲ ಸುರುಳಿ ಸುತ್ತಿಕೊಂಡು ಚಲನೆ ಹೋಗಬಹುದು. ಒಳ್ಳೆಯ ಲ್ಯಾಬಿನಲ್ಲಿ ನೋಡಿದರೆ ಟೆಕ್ನಿಶಿಯನ್ ಪಿಪೆಟ್ ಹಿಡಿದು ಒಂದೊಂದೇ ಹನಿ ಬಿಡುತ್ತಾರೆ, ಪ್ರತಿ ಹನಿಗೂ ಟ್ಯೂಬನ್ನು ಮೆಲ್ಲಗೆ ತಿರುಗಿಸಿ ಬೆರೆಸುತ್ತಾರೆ, ಆಮೇಲೆ ಕೆಲವು ನಿಮಿಷ ಹಾಗೇ ಬಿಡುತ್ತಾರೆ. ಹೊರಗಿನಿಂದ ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಫಲಿತಾಂಶದ ಎಷ್ಟೋ ಪಾಲು ತೀರ್ಮಾನವಾಗುವುದು ಈ ಹನಿಗಳಲ್ಲೇ.

ನಿಧಾನದ ದಾರಿ

ಹಳೆಯ, ಇಂದಿಗೂ ಬಹಳ ಕಡೆ ಇರುವ ವಿಧಾನ ನಿಧಾನವಾಗಿ ತಣ್ಣಗೆ ಮಾಡುವುದು. ಇದರಲ್ಲಿ ಎರಡು ಬಗೆ.

ಮೊದಲನೆಯದು ಯಂತ್ರ. ಪ್ರೋಗ್ರಾಂ ಮಾಡಿದ ಫ್ರೀಜರ್ ಮೊದಲು 5 ಡಿಗ್ರಿವರೆಗೆ ನಿಮಿಷಕ್ಕೆ ಅರ್ಧ ಅಥವಾ ಒಂದು ಡಿಗ್ರಿಯಂತೆ ಇಳಿಸುತ್ತದೆ. ಅಲ್ಲಿಂದ ಮೈನಸ್ 80ರವರೆಗೆ ನಿಮಿಷಕ್ಕೆ 1ರಿಂದ 10 ಡಿಗ್ರಿ. ಆಮೇಲೆ ಮೈನಸ್ 196 ಡಿಗ್ರಿಯಲ್ಲಿರುವ ದ್ರವ ಸಾರಜನಕದೊಳಗೆ ಮುಳುಗಿಸುತ್ತಾರೆ. ಯಂತ್ರದ ದೊಡ್ಡ ಅನುಕೂಲ ಏನೆಂದರೆ ಪ್ರತಿ ಸಲವೂ ಅದೇ ವೇಗ. ನೀರು ಹರಳಾಗುವ ಕ್ಷಣದಲ್ಲಿ ಶಾಖ ಬಿಡುತ್ತದೆ, ಸ್ಯಾಂಪಲ್‌ನ ತಾಪಮಾನ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿಯುತ್ತದೆ, ಆ ಜಿಗಿತವನ್ನು ಸರಿತೂಗಿಸುವಂತೆ ಪ್ರೋಗ್ರಾಂ ಬರೆಯಬಹುದು.

ಎರಡನೆಯದು ಆವಿಯ ವಿಧಾನ, ದುಬಾರಿ ಯಂತ್ರ ಬೇಕಿಲ್ಲ. ವೀರ್ಯ ತುಂಬಿದ ಸ್ಟ್ರಾ, ಅಂದರೆ ಕಾಲು ಅಥವಾ ಅರ್ಧ ಮಿಲಿಲೀಟರ್ ಹಿಡಿಯುವ ತೆಳು ಪ್ಲಾಸ್ಟಿಕ್ ಕೊಳವೆಯನ್ನು, ದ್ರವ ಸಾರಜನಕಕ್ಕಿಂತ ಸ್ವಲ್ಪ ಮೇಲೆ ಅದರ ಆವಿಯಲ್ಲಿ ಹಿಡಿದಿಡುತ್ತಾರೆ. ಸಾಮಾನ್ಯವಾಗಿ 15ರಿಂದ 30 ನಿಮಿಷ. ಆಮೇಲೆ ದ್ರವದೊಳಗೆ. ಕೇಳಲು ತೀರಾ ಸರಳ, ಆದರೆ ದ್ರವದಿಂದ ಮೇಲಕ್ಕೆ ಹೋದಷ್ಟೂ ತಂಪು ಕಡಿಮೆಯಾಗುವುದರಿಂದ ಕೆಲವೇ ಸೆಂಟಿಮೀಟರ್ ಎತ್ತರ ಆಚೀಚೆಯಾದರೂ ವೇಗ ಬದಲಾಗುತ್ತದೆ. ಸ್ಟ್ರಾವನ್ನು ನೇರ ನಿಲ್ಲಿಸಿದರೆ ಕೆಳತುದಿ ಒಂದು ವೇಗದಲ್ಲಿ, ಮೇಲ್ತುದಿ ಇನ್ನೊಂದು ವೇಗದಲ್ಲಿ ಹೆಪ್ಪುಗಟ್ಟುತ್ತದೆ, ಅದಕ್ಕೇ ಅಡ್ಡ ಮಲಗಿಸುತ್ತಾರೆ. ಪಾತ್ರೆ ದಪ್ಪವಿದ್ದರೂ ಹೀಗೇ, ಒಂದೆರಡು ಮಿಲಿಲೀಟರಿನ ವಯಲ್‌ನಲ್ಲಿ (ಮುಚ್ಚಳವಿರುವ ಪುಟ್ಟ ಸೀಸೆ) ಹೊರಅಂಚು ಬೇಗ ಗಟ್ಟಿಯಾಗಿ ನಡುಭಾಗ ಹಿಂದೆ ಉಳಿಯುತ್ತದೆ.

ಹಾಗಾದರೆ ಯಂತ್ರವೇ ಉತ್ತಮ ಅಲ್ವಾ ಎಂದು ಕೇಳಬಹುದು. ಮನುಷ್ಯ ವೀರ್ಯಾಣು ಸಾಕಷ್ಟು ವಿಶಾಲವಾದ ವೇಗಗಳ ವ್ಯಾಪ್ತಿಯನ್ನು ತಡೆದುಕೊಳ್ಳುತ್ತದೆ. ಪಳಗಿದ ಕೈಯಲ್ಲಿ ಆವಿಯ ವಿಧಾನವೂ ಯಂತ್ರಕ್ಕೆ ಸರಿಸಮ ಫಲಿತಾಂಶ ಕೊಡುತ್ತದೆ, ಅದಕ್ಕೇ ಇಷ್ಟು ದಶಕ ಉಳಿದುಕೊಂಡಿದೆ. ಲ್ಯಾಬಿಗೆ ಯಾವ ಯಂತ್ರ ಇದೆ ಎನ್ನುವುದಕ್ಕಿಂತ ಅಲ್ಲಿ ಎಷ್ಟು ಶಿಸ್ತಿದೆ ಎನ್ನುವುದು ಹೆಚ್ಚು ಮುಖ್ಯ ಎಂದೇ ನನಗನ್ನಿಸುತ್ತದೆ.

ವಿಟ್ರಿಫಿಕೇಶನ್: ಹರಳೇ ಆಗದಂತೆ

ಮಂಜಿನ ಹರಳೇ ಶತ್ರು ಎಂದಾದರೆ ಹರಳೇ ಹುಟ್ಟದಂತೆ ಮಾಡಿದರೆ ಹೇಗೆ? ಕಣ್ಣುಮಿಟುಕಿಸುವಷ್ಟರಲ್ಲಿ ತಣ್ಣಗೆ ಮಾಡಿದರೆ ನೀರಿನ ಅಣುಗಳಿಗೆ ಸಾಲುಗಟ್ಟಿ ಹರಳಾಗಲು ಸಮಯ ಸಿಗುವುದಿಲ್ಲ, ಇದ್ದಲ್ಲೇ ಗಾಜಿನ ಹಾಗೆ ಗಟ್ಟಿಯಾಗುತ್ತವೆ. ಇದು ವಿಟ್ರಿಫಿಕೇಶನ್. ಅಂಡಾಣು ಮತ್ತು ಭ್ರೂಣದ ಮಟ್ಟಿಗೆ ಇದು ಹಳೆಯ ವಿಧಾನವನ್ನು ಹೆಚ್ಚುಕಮ್ಮಿ ಪಕ್ಕಕ್ಕೆ ಸರಿಸಿಬಿಟ್ಟಿದೆ. ಅದಕ್ಕೇ ವೀರ್ಯಕ್ಕೂ ಇದೇ ಅತ್ಯುತ್ತಮ ಎಂದು ಜನ ಅಂದುಕೊಳ್ಳುವುದು ಸಹಜ.

ಆದರೆ ವೀರ್ಯಾಣುವಿನ ವಿಷಯ ಬೇರೆ. ಅಂಡಾಣುವನ್ನು ವಿಟ್ರಿಫೈ ಮಾಡುವಾಗ ಕ್ರಯೋಪ್ರೊಟೆಕ್ಟೆಂಟನ್ನು ತುಂಬಾ ಗಾಢವಾಗಿ ಬಳಸುತ್ತಾರೆ. ಅಷ್ಟು ಗಾಢ ದ್ರಾವಣವನ್ನು ವೀರ್ಯಾಣು ತಡೆಯುವುದಿಲ್ಲ. ಹಾಗಾಗಿ ಸಂಶೋಧಕರು ಇನ್ನೊಂದು ದಾರಿ ಹಿಡಿದರು. ಗ್ಲಿಸರಾಲನ್ನೇ ಬಿಟ್ಟು, ಬರೀ ಸುಕ್ರೋಸ್ ಸಕ್ಕರೆ ಮತ್ತು ಆಲ್ಬುಮಿನ್ ಪ್ರೋಟೀನು ಸೇರಿಸಿ, ತೀರಾ ಚಿಕ್ಕ ಹನಿಗಳನ್ನಾಗಿ ನೇರವಾಗಿ ದ್ರವ ಸಾರಜನಕಕ್ಕೆ ಬಿಡುವುದು. ವೀರ್ಯಾಣುವಿನಲ್ಲಿ ನೀರು ಕಡಿಮೆ ಇರುವುದೇ ಇಲ್ಲಿ ಅನುಕೂಲಕ್ಕೆ ಬರುತ್ತದೆ. 2000ದ ನಂತರದ ವರ್ಷಗಳಲ್ಲಿ ಜರ್ಮನಿಯ ಇಸಾಚೆಂಕೊ ಮತ್ತು ಸಂಗಡಿಗರು ಈ ದಿಕ್ಕಿನಲ್ಲಿ ಬಹಳ ಕೆಲಸ ಮಾಡಿದ್ದಾರೆ.

ಹನಿ ಯಾಕೆ ಚಿಕ್ಕದಿರಬೇಕು? ಬೆಚ್ಚಗಿನ ಹನಿ ಬಿದ್ದ ಕೂಡಲೇ ಸುತ್ತಲಿನ ಸಾರಜನಕ ಕುದಿಯುತ್ತದೆ, ಹನಿಯ ಸುತ್ತ ಆವಿಯ ಒಂದು ಕವಚ ಕಟ್ಟಿಕೊಳ್ಳುತ್ತದೆ. ಆವಿ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ. ಹನಿ ದೊಡ್ಡದಾದರೆ ಅದರ ನಡುಭಾಗ ತಣ್ಣಗಾಗುವುದು ತಡವಾಗಿ, ಅಷ್ಟರಲ್ಲಿ ಹರಳು ಹುಟ್ಟಿಬಿಡುತ್ತದೆ. ಈ ವಿಧಾನದ ಮಿತಿಯೂ ಇಲ್ಲೇ ಇದೆ. ಕೆಲವು ಮಿಲಿಲೀಟರ್ ವೀರ್ಯವನ್ನು ಮೈಕ್ರೋಲೀಟರ್ ಹನಿಗಳಾಗಿ ಒಡೆದು ಒಂದೊಂದನ್ನೂ ಗುರುತು ಹಾಕಿ ಇಡುವುದು ದಿನನಿತ್ಯದ ಲ್ಯಾಬಿಗೆ ಸುಲಭವಲ್ಲ. ಇನ್ನೊಂದು ಆತಂಕ ಸೋಂಕಿನದು. ಮುಚ್ಚಳವಿಲ್ಲದ ಹನಿ ನೇರವಾಗಿ ಸಾರಜನಕಕ್ಕೆ ತಾಗುತ್ತದೆ, ಬೇರೆ ಸ್ಯಾಂಪಲ್‌ನಿಂದ ಬಂದ ವೈರಸ್ ಆ ದ್ರವದಲ್ಲಿದ್ದರೆ ಇದಕ್ಕೂ ಸೇರಬಹುದು. ಸ್ಟ್ರಾಗಳಿಗೆ ಎರಡೂ ತುದಿ ಬಿಗಿಯಾಗಿ ಸೀಲ್ ಹಾಕುವುದು ಇದಕ್ಕೇ.

ಫಲಿತಾಂಶ? ಕೆಲವು ಅಧ್ಯಯನಗಳಲ್ಲಿ ವಿಟ್ರಿಫಿಕೇಶನ್ ಮಾಡಿದ ವೀರ್ಯಾಣುಗಳ ಚಲನೆ ಜಾಸ್ತಿ ಉಳಿದಿದೆ, ಇನ್ನು ಕೆಲವದರಲ್ಲಿ ವ್ಯತ್ಯಾಸವೇ ಕಂಡಿಲ್ಲ. ವೀರ್ಯಾಣು ಧಾರಾಳವಾಗಿದ್ದರೆ ನಿಧಾನದ ವಿಧಾನ ಸಾಕು. ಶಸ್ತ್ರಚಿಕಿತ್ಸೆ ಮಾಡಿ ವೃಷಣದಿಂದಲೇ ಬೆರಳೆಣಿಕೆಯಷ್ಟು ವೀರ್ಯಾಣು ತೆಗೆದಿದ್ದಾರೆ ಎಂದರೆ ಲೆಕ್ಕವೇ ಬೇರೆ. ಅವನ್ನು ಅರ್ಧ ಮಿಲಿಲೀಟರ್ ಸ್ಟ್ರಾದಲ್ಲಿ ಹಾಕಿದರೆ ಕರಗಿಸಿದ ಮೇಲೆ ಹುಡುಕಿ ತೆಗೆಯುವುದೇ ಕಷ್ಟ. ಅಂಥವರಿಗೆ ಚಿಕ್ಕ ಹನಿಗಳಾಗಿ ಅಥವಾ ತೆಳು ಪಟ್ಟಿಗಳ ಮೇಲೆ ಇಟ್ಟು ಫ್ರೀಜ್ ಮಾಡುವ ವಿಧಾನಗಳು ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆ.

ಕರಗಿಸುವಾಗಿನ ಪೆಟ್ಟು

ಫ್ರೀಜ್ ಮಾಡುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ, ಕರಗಿಸುವುದರ ಬಗ್ಗೆ ಯಾರೂ ಕೇಳುವುದಿಲ್ಲ. ತಾಪಮಾನ ಮತ್ತೆ ಏರುವಾಗಲೂ ವೀರ್ಯಾಣು ಹರಳು ಮತ್ತು ಉಪ್ಪಿನ ಅದೇ ಅಪಾಯದ ವಲಯ ದಾಟಬೇಕು. ನಿಧಾನವಾಗಿ ಕರಗಿದರೆ ಚಿಕ್ಕ ಹರಳುಗಳು ಕೂಡಿಕೊಂಡು ದೊಡ್ಡವಾಗುತ್ತವೆ, ದೊಡ್ಡ ಹರಳು ಹೆಚ್ಚು ಹಾನಿ ಮಾಡುತ್ತದೆ. ವೇಗವಾಗಿ ತಣ್ಣಗೆ ಮಾಡಿದ್ದನ್ನು ವೇಗವಾಗಿಯೇ ಬೆಚ್ಚಗೆ ಮಾಡಬೇಕು ಎನ್ನುವುದು ಸಾಮಾನ್ಯ ನಿಯಮ. ವಿಟ್ರಿಫೈ ಆದ ಹನಿಯನ್ನು ನೇರವಾಗಿ ಬೆಚ್ಚಗಿನ ದ್ರಾವಣಕ್ಕೇ ಬಿಡುತ್ತಾರೆ. ನಿಧಾನವಾಗಿ ಫ್ರೀಜ್ ಮಾಡಿದ ವಯಲ್‌ಗಳನ್ನು ಕೋಣೆಯ ತಾಪಮಾನದಲ್ಲಿ ಅಥವಾ 37 ಡಿಗ್ರಿ ನೀರಿನಲ್ಲಿ ಇಟ್ಟು ಕರಗಿಸುತ್ತಾರೆ.

ಕರಗಿದ ಮೇಲೆ ಗ್ಲಿಸರಾಲನ್ನು ತೊಳೆದು ತೆಗೆಯಬೇಕು, ಅದೂ ಹಂತಹಂತವಾಗಿ. ಅವಸರ ಮಾಡಿದರೆ ಈ ಸಲ ನೀರು ಒಳನುಗ್ಗಿ ವೀರ್ಯಾಣು ಉಬ್ಬಿ ಹೋಗುತ್ತದೆ. ಇದೇ ಹೊತ್ತಿಗೆ ಪೆಟ್ಟು ತಿಂದ ಮೈಟೊಕಾಂಡ್ರಿಯಾ ಕ್ರಿಯಾಶೀಲ ಆಮ್ಲಜನಕದ ಕಣಗಳನ್ನು ಹೊರಬಿಡುತ್ತವೆ, ಅವು ಪೊರೆಯ ಕೊಬ್ಬನ್ನೂ ಡಿಎನ್‌ಎಯನ್ನೂ ಕೆಡಿಸುತ್ತವೆ.

ಗುಣಮಟ್ಟ ಅಂದರೆ ಏನನ್ನು ಅಳೆಯುತ್ತಾರೆ

ಎಲ್ಲಕ್ಕಿಂತ ಮೊದಲು ಕಾಣುವುದು ಚಲನೆ. ಫ್ರೀಜ್ ಮಾಡುವ ಮುಂಚೆ ಈಜುತ್ತಿದ್ದವುಗಳಲ್ಲಿ ಸುಮಾರು ಅರ್ಧದಷ್ಟು ಕರಗಿಸಿದ ಮೇಲೆ ನಿಂತುಹೋಗುವುದು ಸಾಮಾನ್ಯ. ಈ ಅರ್ಧದ ಲೆಕ್ಕ ಕೇಳಿ ಬಹಳ ಜನ ಗಾಬರಿಯಾಗುತ್ತಾರೆ, ಲ್ಯಾಬು ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಇಬ್ಬರು ಗಂಡಸರ ವೀರ್ಯ ಮೊದಲು ಒಂದೇ ರೀತಿ ಕಂಡರೂ, ಒಂದೇ ದಿನ ಒಂದೇ ವಿಧಾನದಲ್ಲಿ ಫ್ರೀಜ್ ಮಾಡಿದರೂ, ಒಬ್ಬರದರಲ್ಲಿ ಮುಕ್ಕಾಲು ಪಾಲು ಉಳಿದು ಇನ್ನೊಬ್ಬರದರಲ್ಲಿ ಕಾಲು ಪಾಲೂ ಉಳಿಯದೇ ಇರಬಹುದು. ಪೊರೆಯ ಕೊಬ್ಬಿನ ರಚನೆ ಒಬ್ಬೊಬ್ಬರದು ಒಂದೊಂದು ಥರ ಇರುವುದು ಇದಕ್ಕೊಂದು ಕಾರಣ. ಮೊದಲೇ ದುರ್ಬಲವಾಗಿದ್ದ ವೀರ್ಯಕ್ಕೆ ನಷ್ಟ ಜಾಸ್ತಿ.

ನಿಂತುಹೋದ ವೀರ್ಯಾಣುವೆಲ್ಲ ಸತ್ತಿದೆ ಎಂದೂ ಅಲ್ಲ. ಇಯೋಸಿನ್ ಎಂಬ ಕೆಂಪು ಬಣ್ಣ ಹಾಕಿ ನೋಡಿದರೆ ಸತ್ತದ್ದರ ಪೊರೆ ಬಣ್ಣವನ್ನು ಒಳಬಿಡುತ್ತದೆ, ಬದುಕಿರುವುದು ಬಿಳಿಯಾಗೇ ಉಳಿಯುತ್ತದೆ. ಆದರೆ ಬಣ್ಣ ಹಾಕಿದ್ದನ್ನು ಚಿಕಿತ್ಸೆಗೆ ಬಳಸುವಂತಿಲ್ಲ. ಅದಕ್ಕೆ ಇನ್ನೊಂದು ಉಪಾಯ ಇದೆ: ಉಪ್ಪಿನಂಶ ಕಡಿಮೆ ಇರುವ ದ್ರಾವಣದಲ್ಲಿ ಬಿಟ್ಟರೆ ಬದುಕಿರುವ ವೀರ್ಯಾಣು ನೀರು ಹೀರಿಕೊಂಡು ಬಾಲ ಸುರುಳಿಯಾಗುತ್ತದೆ, ಸತ್ತದ್ದರ ಬಾಲ ನೆಟ್ಟಗೇ ಇರುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿ ಬಾಲ ಸುತ್ತಿಕೊಂಡದ್ದನ್ನು ಆರಿಸಿಕೊಳ್ಳಬಹುದು.

ಡಿಎನ್‌ಎ ವಿಷಯಕ್ಕೆ ಬಂದರೆ, ಬಿಗಿಯಾಗಿ ಕಟ್ಟಿಟ್ಟಿರುವುದರಿಂದ ಅದಕ್ಕೆ ಪೊರೆಗಿಂತ ರಕ್ಷಣೆ ಹೆಚ್ಚು. ಆದರೂ ಕೆಲವು ಅಧ್ಯಯನಗಳಲ್ಲಿ ಕರಗಿಸಿದ ಮೇಲೆ ಡಿಎನ್‌ಎ ತುಂಡಾಗಿರುವುದು ಜಾಸ್ತಿ ಕಂಡಿದೆ, ಮುಖ್ಯವಾಗಿ ಸಂತಾನ ಸಮಸ್ಯೆ ಇರುವವರ ವೀರ್ಯದಲ್ಲಿ. ಫ್ರೀಜ್ ಮಾಡಿದ ವೀರ್ಯದಿಂದ ಹುಟ್ಟಿದ ಮಕ್ಕಳಲ್ಲಿ ಜನ್ಮದೋಷ ಹೆಚ್ಚು ಎಂದು ಇದುವರೆಗಿನ ಅಧ್ಯಯನಗಳು ತೋರಿಸಿಲ್ಲ. ಈ ಮಾತು ಎಷ್ಟೋ ತಂದೆತಾಯಿಗೆ ಗೊತ್ತಿರಬೇಕಾದ್ದು.

ರಿಪೋರ್ಟಿನ ಸಂಖ್ಯೆ ಚಿಕಿತ್ಸೆಗೆ ಹೇಗೆ ಸಂಬಂಧ

ಉಳಿದದ್ದು ಎಷ್ಟು ಎನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. ಐಯುಐನಲ್ಲಿ ತೊಳೆದ ವೀರ್ಯವನ್ನು ಗರ್ಭಕೋಶಕ್ಕೆ ಹಾಕುತ್ತಾರೆ, ಅಲ್ಲಿಂದ ಮುಂದೆ ವೀರ್ಯಾಣು ತಾನೇ ಈಜಿಕೊಂಡು ಹೋಗಬೇಕು. ಹಾಗಾಗಿ ಚಲಿಸುವ ವೀರ್ಯಾಣು ಲಕ್ಷಗಟ್ಟಲೆ ಬೇಕು. ಐವಿಎಫ್‌ನಲ್ಲಿ ತಟ್ಟೆಯೊಳಗೆ ಅಂಡಾಣುವಿನ ಪಕ್ಕದಲ್ಲೇ ಬಿಡುವುದರಿಂದ ಅದಕ್ಕಿಂತ ಕಡಿಮೆ ಸಾಕು. ಇಕ್ಸಿಯಲ್ಲಿ ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುತ್ತಾರೆ. 1992ರಲ್ಲಿ ಬ್ರಸೆಲ್ಸ್‌ನಿಂದ ಇಕ್ಸಿಯ ಮೊದಲ ಗರ್ಭಧಾರಣೆಗಳ ವರದಿ ಬಂದ ಮೇಲೆ ಫ್ರೀಜ್ ಮಾಡಿದ ವೀರ್ಯದ ಅರ್ಥವೇ ಬದಲಾಯಿತು. ಅದಕ್ಕೂ ಮುಂಚೆ ಇಷ್ಟು ಕಮ್ಮಿ ಇದ್ದರೆ ಇಟ್ಟು ಪ್ರಯೋಜನ ಇಲ್ಲ ಎಂದು ವಾಪಸ್ ಕಳಿಸುತ್ತಿದ್ದ ಸ್ಯಾಂಪಲ್ ಕೂಡ ಈಗ ಇಡಲು ಯೋಗ್ಯ. ಕ್ಯಾನ್ಸರ್ ರೋಗಿಯ ವೀರ್ಯ ಕಾಯಿಲೆಯ ಕಾರಣಕ್ಕೆ ಮೊದಲೇ ಕಳಪೆಯಾಗಿದ್ದರೂ ಫ್ರೀಜ್ ಮಾಡಿಸಿ ಎಂದು ಹೇಳುವುದು ಇದಕ್ಕೇ.

ವರ್ಷಗಟ್ಟಲೆ ಇಟ್ಟರೆ

ಮೈನಸ್ 130 ಡಿಗ್ರಿಗಿಂತ ಕೆಳಗೆ ದ್ರವರೂಪದ ನೀರೇ ಇರುವುದಿಲ್ಲ, ರಾಸಾಯನಿಕ ಕ್ರಿಯೆಗಳು ನಿಂತೇಹೋದಂತೆ. ದ್ರವ ಸಾರಜನಕದ ಮೈನಸ್ 196 ಅದಕ್ಕಿಂತ ತುಂಬಾ ಕೆಳಗೆ. ಸಾಮಾನ್ಯ ಲ್ಯಾಬ್ ಫ್ರೀಜರಿನ ಮೈನಸ್ 80 ಸಾಲುವುದಿಲ್ಲ, ಅಲ್ಲಿ ಹರಳುಗಳು ನಿಧಾನವಾಗಿ ಬದಲಾಗುತ್ತಲೇ ಇರುತ್ತವೆ. 17ನೇ ವಯಸ್ಸಿನಲ್ಲಿ ವೃಷಣದ ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಫ್ರೀಜ್ ಮಾಡಿಸಿದ ವೀರ್ಯದಿಂದ 21 ವರ್ಷದ ನಂತರ ಮಗು ಹುಟ್ಟಿದ ವರದಿ 2004ರಲ್ಲಿ ಬ್ರಿಟನ್ನಿನಿಂದ ಬಂತು.

ಅಪಾಯ ಇರುವುದು ಟ್ಯಾಂಕಿನಲ್ಲಿ. ಸಾರಜನಕ ದಿನವೂ ಸ್ವಲ್ಪ ಸ್ವಲ್ಪ ಆವಿಯಾಗುತ್ತಿರುತ್ತದೆ, ಮೇಲಿಂದ ತುಂಬುತ್ತಲೇ ಇರಬೇಕು. 2018ರ ಮಾರ್ಚಿನಲ್ಲಿ ಅಮೆರಿಕದ ಎರಡು ಬೇರೆ ಬೇರೆ ಊರುಗಳ ಕೇಂದ್ರಗಳಲ್ಲಿ ಟ್ಯಾಂಕ್ ಕೈಕೊಟ್ಟು ಸಾವಿರಾರು ಅಂಡಾಣು ಮತ್ತು ಭ್ರೂಣಗಳಿಗೆ ಕುತ್ತು ಬಂದಿತ್ತು. ಪಕ್ಕದ ಸ್ಟ್ರಾ ಹುಡುಕಲು ನಿಮ್ಮ ಸ್ಟ್ರಾ ಎತ್ತಿ ಕೋಣೆಯ ಗಾಳಿಯಲ್ಲಿ ಹಿಡಿದರೂ ತೊಂದರೆಯೇ, ತೆಳು ಸ್ಟ್ರಾ ಕೆಲವೇ ಸೆಕೆಂಡುಗಳಲ್ಲಿ ಮೈನಸ್ 130 ದಾಟಿ ಬೆಚ್ಚಗಾಗಬಹುದು. ಇದು ಪದೇ ಪದೇ ಆದರೆ ಯಾರ ಗಮನಕ್ಕೂ ಬಾರದೆ ಗುಣಮಟ್ಟ ಇಳಿಯುತ್ತದೆ.

ಫ್ರೀಜ್ ಮಾಡಿಸುವ ಮುಂಚೆ ಕೇಳಿ

ಕೇಳಲು ಸಂಕೋಚ ಬೇಡ. ಮೊದಲನೆಯದು, ಒಂದು ಚಿಕ್ಕ ಪಾಲನ್ನು ಫ್ರೀಜ್ ಮಾಡಿ ಕರಗಿಸಿ ನೋಡುತ್ತೀರಾ ಎಂದು. ಟೆಸ್ಟ್ ಥಾ ಎನ್ನುವ ಈ ಪರೀಕ್ಷೆಯೊಂದೇ ನಿಮ್ಮ ವೀರ್ಯ ಫ್ರೀಜಿಂಗನ್ನು ಹೇಗೆ ತಡೆಯುತ್ತದೆ ಎಂದು ನಿಜವಾಗಿ ಹೇಳುವುದು. ಬಾಕಿ ಎಲ್ಲ ಅಂದಾಜು. ಎರಡು ಮೂರು ದಿನ ಬಿಟ್ಟು ಇನ್ನೊಂದು ಸ್ಯಾಂಪಲ್ ಕೊಡಲು ಸಮಯ ಇದೆಯಾ ಎಂದು ಕ್ಯಾನ್ಸರ್ ಡಾಕ್ಟರನ್ನು ಕೇಳಿ, ಆದರೆ ಅದಕ್ಕಾಗಿ ಚಿಕಿತ್ಸೆ ತಡ ಮಾಡಬೇಡಿ. ಒಂದೇ ದೊಡ್ಡ ವಯಲ್‌ಗೆ ಬದಲು ಹಲವು ಚಿಕ್ಕ ಸ್ಟ್ರಾಗಳಲ್ಲಿ ಹಂಚಿಡಲು ಹೇಳಿ, ಯಾಕೆಂದರೆ ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಿದರೆ ಉಳಿದದ್ದರಲ್ಲೂ ದೊಡ್ಡ ಪಾಲು ಹೋಗುತ್ತದೆ. ಆ ಸ್ಟ್ರಾಗಳನ್ನು ಎರಡು ಬೇರೆ ಟ್ಯಾಂಕುಗಳಲ್ಲಿ ಇಡುವ ವ್ಯವಸ್ಥೆ ಇದೆಯಾ, ಟ್ಯಾಂಕಿಗೆ ಅಲಾರಂ ಇದೆಯಾ, ರಾತ್ರಿ ಅದು ಹೊಡೆದುಕೊಂಡರೆ ಯಾರಿಗೆ ಫೋನ್ ಹೋಗುತ್ತದೆ, ಇಷ್ಟನ್ನೂ ಸಹಿ ಹಾಕುವ ಮುಂಚೆಯೇ ಕೇಳಿಬಿಡಿ.